ಓದುಗರ ಪ್ರಶ್ನೆ: ಜೆನೆಟಿಕ್ ಕೌನ್ಸೆಲರ್ ಅಂದ್ರೆ ಡಾಕ್ಟರಾ?

ಪ್ರಶ್ನೆ: ಮಗಳು ಬಿ.ಎಸ್ಸಿ. ಬಯೋಟೆಕ್ನಾಲಜಿ ಮುಗಿಸಿ ಈಗ ಜೆನೆಟಿಕ್ ಕೌನ್ಸೆಲಿಂಗ್ ಓದುತ್ತೇನೆ ಅಂತಿದ್ದಾಳೆ. ಇದು ಡಾಕ್ಟರ್ ಕೆಲಸವೋ, ಲ್ಯಾಬ್ ಕೆಲಸವೋ? ನೆಂಟರು ಕೇಳಿದರೆ ಏನು ಹೇಳೋದು ಅಂತಲೇ ತಿಳಿಯುತ್ತಿಲ್ಲ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಎರಡೂ ಅಲ್ಲಮ್ಮ. ಜೆನೆಟಿಕ್ ಕೌನ್ಸೆಲರ್‌ಗಳಾದ ನಾವು ಮಾತ್ರೆ ಬರೆದುಕೊಡುವುದಿಲ್ಲ, ರಕ್ತ ಪರೀಕ್ಷೆಯನ್ನೂ ಮಾಡುವುದಿಲ್ಲ. ಮನೆತನದಲ್ಲಿರುವ ಕಾಯಿಲೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ಎಷ್ಟು, ಯಾವ ಪರೀಕ್ಷೆ ಮಾಡಿಸಬಹುದು, ಬಂದ ರಿಪೋರ್ಟಿನ ಅರ್ಥ ಏನು ಅಂತ ಕೂತು ಬಿಡಿಸಿ ಹೇಳುತ್ತೇವೆ. ಮಗು ಬೇಕೋ ಬೇಡವೋ ಅಂತ ಮಾತ್ರ ಹೇಳುವುದಿಲ್ಲ. ಅದು ಆ ದಂಪತಿಗೆ ಬಿಟ್ಟದ್ದು. "ನೀವೇ ಹೇಳಿಬಿಡಿ ಮೇಡಂ" ಅಂತ ಎಷ್ಟೇ ಕೇಳಿದರೂ ಅಷ್ಟೇ.

ಮೊದಲ ಭೇಟಿಗೆ ನನಗೆ ಬೇಕಾಗುವುದು ಒಂದು ಬಿಳಿ ಹಾಳೆ, ಪೆನ್ಸಿಲ್, ರಬ್ಬರ್. ಅದರಲ್ಲಿ ಮನೆತನದ ವಂಶವೃಕ್ಷ ಬರೆಯುತ್ತೇನೆ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಕಾಯಿಲೆ ಇದ್ದವರ ಗುರುತಿಗೆ ಕಪ್ಪು ತುಂಬುತ್ತೇವೆ. ತೀರಿಕೊಂಡವರ ಮೇಲೆ ಓರೆ ಗೆರೆ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಇಬ್ಬರ ನಡುವೆ ಜೋಡಿ ಗೆರೆ. ಪಠ್ಯಪುಸ್ತಕದಲ್ಲಿ ಈ ಚಿತ್ರ ನೀಟಾಗಿ ಕೆಳಗಿಳಿಯುತ್ತದೆ. ನಮ್ಮ ಕಡೆ ಎಲ್ಲಿ ಇಳಿಯುತ್ತದೆ? ಸೋದರಮಾವನನ್ನೇ ಮದುವೆಯಾದವಳಿಗೆ ಅಜ್ಜಿಯೇ ಅತ್ತೆ. ಅಳಿಸಿ, ತಿದ್ದಿ, ಮತ್ತೆ ಬರೆದು ರಬ್ಬರ್ ಸವೆಯುವುದು ಇಲ್ಲೇ.

"ಹುಟ್ಟಿದ ಕೂಡಲೇ ಹೋದ ಮಗು ಮನೆಯಲ್ಲಿ ಯಾವುದಾದರೂ ಇತ್ತಾ?" ಅಂತ ಕೇಳಿದರೆ ಗಂಡ "ಇಲ್ಲ" ಅನ್ನುತ್ತಾನೆ. ಜೊತೆಗೆ ಬಂದ ಅಜ್ಜಿ "ಒಂದಿತ್ತಲ್ಲೋ, ನಿಮ್ಮಪ್ಪನಿಗಿಂತ ಮೊದಲು" ಅನ್ನುತ್ತಾರೆ. ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಅಜ್ಜಿಯರನ್ನು ಹೊರಗೆ ಕೂರಿಸಬೇಡಿ ಅಂತ ನಾನು ರಿಸೆಪ್ಷನ್‌ನಲ್ಲಿ ಹೇಳಿಟ್ಟಿದ್ದೇನೆ. ಕೆಲವು ಪ್ರಶ್ನೆಗಳನ್ನು ಮಾತ್ರ ಎಲ್ಲರನ್ನೂ ಆಚೆ ಕಳಿಸಿ ಹೆಂಡತಿಯೊಬ್ಬಳನ್ನೇ ಕೇಳಬೇಕಾಗುತ್ತದೆ.

ಓದಿನ ವಿಷಯಕ್ಕೆ ಬರೋಣ. ಇದರ ಮೊದಲ ಸ್ನಾತಕೋತ್ತರ ಮಟ್ಟದ ಕೋರ್ಸ್ 1969ರಲ್ಲಿ ಅಮೆರಿಕದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಶುರುವಾಯಿತು. ನಮ್ಮಲ್ಲೂ ಈಗ ಎರಡು ವರ್ಷದ ಎಂ.ಎಸ್ಸಿ. ಇದೆ. ತಳಿವಿಜ್ಞಾನ, ಸಾಧ್ಯತೆಯ ಲೆಕ್ಕ, ಒಂದಷ್ಟು ಮನಃಶಾಸ್ತ್ರ ಕಲಿಸುತ್ತಾರೆ. ಇದರ ಜೊತೆಗೆ ಹಿರಿಯರ ಕಣ್ಣೆದುರು ಕ್ಲಿನಿಕ್‌ನಲ್ಲಿ ಕೂತು ಮಾತಾಡುವ ಅಭ್ಯಾಸವೂ ಇರಬೇಕು. ಇದಿಲ್ಲದ ಆನ್‌ಲೈನ್ ಸರ್ಟಿಫಿಕೇಟ್‌ಗೆ ದುಡ್ಡು ಹಾಕಬೇಡಿ. ಕೆಲಸ ಜಾಸ್ತಿ ಇರುವುದು ದೊಡ್ಡ ಊರುಗಳ ಖಾಸಗಿ ಆಸ್ಪತ್ರೆ, ಲ್ಯಾಬ್‌ಗಳಲ್ಲಿ. ಹಾಗಾಗಿ ಬೆಂಗಳೂರಿಗೆ ಕಳಿಸಲು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಎದುರಿಗಿದ್ದವರು ಅಳುವಾಗ ಸುಮ್ನೆ ಕೂರೋದಕ್ಕೆ ಬರುತ್ತಾ ಅಂತ ಮಗಳನ್ನೂ ಒಮ್ಮೆ ಕೇಳಿ.

ಪ್ರಶ್ನೆ: ಮೊದಲ ಮಗುವಿಗೆ ಥಲಸೀಮಿಯಾ ಮೇಜರ್ ಅನ್ನುವ ರಕ್ತದ ಕಾಯಿಲೆ ಇದೆ, ಪದೇ ಪದೇ ರಕ್ತ ಹಾಕಿಸಬೇಕು. ನಾವಿಬ್ಬರೂ ಕ್ಯಾರಿಯರ್ (ಕಾಯಿಲೆಯ ಜೀನ್ ಇದ್ದೂ ಕಾಯಿಲೆ ಇಲ್ಲದವರು), ನಾಲ್ಕರಲ್ಲಿ ಒಂದು ಮಗುವಿಗೆ ಬರುತ್ತದೆ ಅಂದರು ಡಾಕ್ಟರ್. ಒಂದು ಆಯ್ತಲ್ಲ, ಇನ್ನು ಮೂರು ಮಕ್ಕಳು ಚೆನ್ನಾಗಿರುತ್ತವೆ ಅಲ್ವಾ? ನಮ್ಮತ್ತೆ ಮಾತ್ರ ಇದು ನನ್ನ ತವರಿನ ಕಡೆಯಿಂದಲೇ ಬಂದದ್ದು ಅಂತಾರೆ.
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಅಲ್ಲ. ಈ ತಪ್ಪು ಲೆಕ್ಕ ಓದಿದವರಲ್ಲೂ ಇದೆ. ಚೌಕಾಬಾರದ ಎರಡು ಕವಡೆ ತಗೊಳ್ಳಿ, ಒಂದು ನಿಮ್ಮದು, ಒಂದು ಗಂಡನದು. ಬೋರಲು ಬಿತ್ತು ಅಂದರೆ ಕಾಯಿಲೆಯ ಜೀನ್ ಮಗುವಿಗೆ ಹೋಯಿತು ಅಂತ. ಎರಡೂ ಬೋರಲು ಬಿದ್ದರೆ ಕಾಯಿಲೆ. ಹೋದ ಸಲ ಹಾಗೆ ಬಿದ್ದಿತ್ತು ಅಂತ ಕವಡೆಗೆ ನೆನಪಿರುತ್ತದಾ? ಪ್ರತಿ ಸಲ ಬಸುರಾದಾಗಲೂ ಲೆಕ್ಕ ಹೊಸದು. ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ನಿಮ್ಮ ಹಾಗೆ ಕ್ಯಾರಿಯರ್ ಆಗಿ ಆರೋಗ್ಯವಾಗಿರುವ ಸಾಧ್ಯತೆ ಶೇ. 50. ಏನೂ ಇಲ್ಲದಿರುವ ಸಾಧ್ಯತೆ ಶೇ. 25.

ಅತ್ತೆಗೆ ಇಬ್ಬರ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಎಚ್‌ಬಿ ಎ2 (ರಕ್ತದ ಒಂದು ಬಗೆಯ ಹಿಮೋಗ್ಲೋಬಿನ್) ಅನ್ನುವ ಸಾಲಿನಲ್ಲಿ ಸಾಮಾನ್ಯವಾಗಿ ಇಬ್ಬರದ್ದೂ ಶೇ. 3.5ಕ್ಕಿಂತ ಮೇಲೆ ಇರುತ್ತದೆ, ಅದೇ ಕ್ಯಾರಿಯರ್ ಗುರುತು. ಅಪ್ಪ, ಅಮ್ಮ ಇಬ್ಬರಿಂದಲೂ ಬರದೆ ಮಗುವಿಗೆ ಮೇಜರ್ ಆಗುವುದಿಲ್ಲ.

ಇನ್ನೊಂದು ಮಗು ಬೇಕು ಅಂತಿದ್ದರೆ ಬಸುರಾಗುವ ಮೊದಲೇ ಬನ್ನಿ. ಮೊದಲು ನಿಮ್ಮಿಬ್ಬರ ಮತ್ತು ಮಗುವಿನ ಜೀನ್‌ನಲ್ಲಿ ಯಾವ ಬದಲಾವಣೆ ಇದೆ ಅಂತ ಗೊತ್ತಾಗಬೇಕು. ಆಮೇಲೆ ಬಸುರಿನ 11ರಿಂದ 13ನೇ ವಾರದಲ್ಲಿ ಮಾಸಿನ (ಪ್ಲಾಸೆಂಟಾ) ಚೂರು ತೆಗೆದು ಪರೀಕ್ಷಿಸಬಹುದು. ನಾಲ್ಕನೇ ತಿಂಗಳಲ್ಲಿ ಫೈಲ್ ಹಿಡಿದು ಓಡಿ ಬಂದರೆ ಎಲ್ಲವೂ ಅವಸರದಲ್ಲೇ ಆಗಬೇಕು. ನಿಮ್ಮಿಬ್ಬರ ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಮದುವೆಗೆ ಮೊದಲು ಎಚ್‌ಬಿ ಎ2 ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಇಂಥ ಪರೀಕ್ಷೆ ಮಾಡಿದಾಗ ಗಂಡೋ ಹೆಣ್ಣೋ ಹೇಳ್ತೀರಾ?
– ಒಬ್ಬ ಓದುಗ, ವಿಜಯಪುರ

ಉತ್ತರ: ಇಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪ್ರಕಾರ ಹೇಳಿದವರಿಗೂ ಶಿಕ್ಷೆ, ತಿಳಿಯಲು ಹೋದವರಿಗೂ ಶಿಕ್ಷೆ. ಪರೀಕ್ಷೆಗೆ ಮೊದಲು ನಿಮ್ಮ ಹೆಂಡತಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾರೆ. ಅದು ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಒಂದು ಪ್ರತಿ ಅವರ ಕೈಗೂ ಸಿಗಬೇಕು. ಇಂಗ್ಲಿಷಿನದ್ದು ಮುಂದಿಟ್ಟರೆ ಕನ್ನಡದ್ದು ಕೇಳಿ.