ಬದುವಿನ ತೂತಿಗೆ ಔಷಧಿ ಸುರಿಯಬೇಡಿ, ಅದು ಗೆದ್ದಲಲ್ಲ

ಅಣ್ಣಾ, ಬದನೆ ಹೊಲದ ಬದುವಿನಲ್ಲಿ ಸಣ್ಣ ಸಣ್ಣ ತೂತು ಬಿದ್ದಿವೆ, ಗೆದ್ದಲಿರಬೇಕು, ನಾಳೆ ಕ್ಲೋರ್‌ಪೈರಿಫಾಸ್ ಕೀಟನಾಶಕ ಸುರಿಯುತ್ತೇನೆ ಅಂತ ಫೋಟೋ ಹಾಕಿದ್ದೀರಿ. ದಯವಿಟ್ಟು ಸುರಿಯಬೇಡಿ, ಅದು ನೆಲದಲ್ಲಿ ಗೂಡು ಮಾಡುವ ಸಣ್ಣ ಜೇನಿನ ಮನೆ. ನಾನೂ ಒಂದು ಸಲ ಇದನ್ನೇ ಮಾಡಿದ್ದೆ, ಆ ಬೆಳೆಯಲ್ಲಿ ಹೂವು ಬಿಟ್ಟಷ್ಟು ಕಾಯಿ ನಿಲ್ಲಲಿಲ್ಲ. "ಡರ್ಸ್‌ಬಾನ್ ಹಾಕಿ, ಅದೇ ಒಳ್ಳೇದು" ಅಂದವರಿಗೂ ಹೇಳುತ್ತೇನೆ, ಡಬ್ಬಿ ಯಾವ ಕಂಪನಿಯದ್ದಾದರೂ ಒಳಗಿರುವುದು ಅದೇ ಕ್ಲೋರ್‌ಪೈರಿಫಾಸ್. ಬಿಸಿನೀರು ಹಾಕಿ ಅಂದವರು ಇನ್ನೊಂದು ಸಲ ಫೋಟೋ ನೋಡಿ.

ಫೋಟೋ ದೊಡ್ಡದು ಮಾಡಿದರೆ ತೂತಿನ ಸುತ್ತ ಪುಡಿಮಣ್ಣಿನ ಗುಪ್ಪೆ ಕಾಣುತ್ತದೆ. ಗೆದ್ದಲು ಹೀಗೆ ಬಿಸಿಲಿಗೆ ಬಾಯಿ ತೆರೆದಿಡುವುದಿಲ್ಲ, ಮಣ್ಣು ಮೆತ್ತಿ ಮರೆಯಲ್ಲೇ ಓಡಾಡುತ್ತದೆ. ಇರುವೆಯಾದರೆ ಸಾಲು ಇರಬೇಕಿತ್ತು. ಎಡಗಡೆ ತೂತಿನಲ್ಲಿ ಕಪ್ಪಗೆ ಕಾಣುವುದು ಜೇನಿನ ತಲೆ! ಬಿಸಿಲೇರಿದ ಮೇಲೆ ಪಕ್ಕದಲ್ಲಿ ಅಲ್ಲಾಡದೆ ಕೂತು ನೋಡಿ. ಹಿಂಗಾಲಿಗೆ ಪರಾಗ ಮೆತ್ತಿಕೊಂಡು ಒಂದು ಬರುತ್ತದೆ, ಬಾಗಿಲಲ್ಲಿದ್ದ ತಲೆ ಹಿಂದಕ್ಕೆ ಸರಿಯುತ್ತದೆ, ಅದು ಒಳಗೆ ಇಳಿದ ತಕ್ಷಣ ತಲೆ ಮತ್ತೆ ಬಂದು ತೂತು ಮುಚ್ಚುತ್ತದೆ. ಎಲ್ಲ ಜಾತಿಯಲ್ಲೂ ಕಾವಲು ಇರುವುದಿಲ್ಲ, ಕೆಲವು ಒಂಟಿಯಾಗಿಯೇ ಗೂಡು ಮಾಡುತ್ತವೆ.

ಕಳೆ ತೆಗೆಯುವಾಗ ಕೈಮೇಲೆ ಕೂತು ಬೆವರು ನೆಕ್ಕುತ್ತವಲ್ಲ, ಆ ಸಣ್ಣ ಜೇನುಗಳ ಬಳಗ ಇದು. ಉಪ್ಪಿಗೆ ಬರುತ್ತವೆ. ಅಮುಕಿದರೆ ಹೆಣ್ಣು ಚುಚ್ಚುತ್ತದೆ, ನೋವು ಅಷ್ಟೇನೂ ಇಲ್ಲ. ತುಡುವೆ, ಮುಜಂಟಿ ಜೇನಿನ ಹಾಗೆ ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ, ತುಪ್ಪವೂ ಸಿಗುವುದಿಲ್ಲ. ನೆಲದೊಳಗೆ ಪುಟ್ಟ ಕೋಣೆ ಕೊರೆದು, ಗೋಡೆಗೆ ನೀರಿಳಿಯದಂತೆ ಮೇಣದಂಥದ್ದು ಸವರಿ, ಪರಾಗದ ಉಂಡೆ ಇಟ್ಟು, ಮೇಲೆ ಒಂದೇ ಮೊಟ್ಟೆ ಇಟ್ಟು ಮುಚ್ಚುತ್ತವೆ. ನೀವು ಔಷಧಿ ಸುರಿದರೆ ಸಾಯುವುದು ಹಾರಾಡುವ ಜೇನಷ್ಟೇ ಅಲ್ಲ, ಮುಂದಿನ ಪೀಳಿಗೆಯೂ ಅಲ್ಲೇ ಹೋಗುತ್ತದೆ.

ಬದನೆ ಹೂವಿನ ಪರಾಗ ಸುಮ್ನೆ ಉದುರುವುದಿಲ್ಲ. ಪರಾಗ ತುಂಬಿದ ಹಳದಿ ಕೊಳವೆಗಳ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ ಇರುತ್ತದೆ, ಅಷ್ಟೇ. ಹೊಟ್ಟೆಯ ಮೇಲೆ ಹಸಿರು-ನೀಲಿ ಪಟ್ಟೆ ಹೊಳೆಯುವ ಹೋಪ್ಲೊನೋಮಿಯಾ ಅನ್ನುವ ಇದೇ ಬಳಗದ ಜೇನು ಬಂದು ಆ ಕೊಳವೆಗಳನ್ನು ತಬ್ಬಿಕೊಂಡು ಗುಂಯ್ ಅಂತ ಮೈ ನಡುಗಿಸುತ್ತದೆ, ಪರಾಗ ಅದರ ಹೊಟ್ಟೆಯ ಮೇಲೆ ಸುರಿಯುತ್ತದೆ. ನಮ್ಮ ತುಡುವೆಗೆ ಈ ವಿದ್ಯೆ ಇಲ್ಲ. ಬದನೆಗೆ ಅಂತ ಪೆಟ್ಟಿಗೆ ತಂದಿಡುವವರು ಇದನ್ನು ತಿಳಿದುಕೊಳ್ಳಬೇಕು. ಹಾಗಂತ ಹೂವು ಉದುರುವುದಕ್ಕೆಲ್ಲ ಜೇನೇ ಕಾರಣ ಅನ್ನಬೇಡಿ. ನಡುವಿನ ಹಸಿರು ಕಡ್ಡಿ ಕೊಳವೆಗಳೊಳಗೇ ಮುಳುಗಿರುವ ಹೂವು ಯಾರು ಬಂದರೂ ಉದುರುತ್ತದೆ. ಗಾಳಿಗೂ ಒಂದಷ್ಟು ಕಾಯಿ ಕಟ್ಟುತ್ತದೆ.

ನಾನು ಈಗ ಬದುವಿನಲ್ಲಿ ಒಂದು ಮಂಚದಷ್ಟು ಜಾಗ ಅವಕ್ಕೇ ಬಿಟ್ಟಿದ್ದೇನೆ. ಬೆಳಗಿನ ಬಿಸಿಲು ಬೀಳಬೇಕು, ನೀರು ನಿಲ್ಲದಂತೆ ಸ್ವಲ್ಪ ಇಳಿಜಾರು ಇರಬೇಕು, ನೆಲ ಗಟ್ಟಿಯಾಗಿ ಬೋಳಾಗಿರಬೇಕು. ಹುಲ್ಲು ಬಂದರೆ ಕುಡುಗೋಲಿನಲ್ಲಿ ಕೊಯ್ಯಿರಿ, ಬುಡ ಕೀಳಬೇಡಿ, ಕಳೆನಾಶಕ ಬೇಡವೇ ಬೇಡ. ಡ್ರಿಪ್ ನೀರು ಅತ್ತ ಹರಿಯಬಾರದು. ಮಲ್ಚಿಂಗ್ ಶೀಟು ಬದುವಿನ ತನಕ ಎಳೆಯಬೇಡಿ, ಶೀಟಿನ ಕೆಳಗಿನ ನೆಲ ಅವಕ್ಕೆ ಸಿಗುವುದಿಲ್ಲ. ಮಳೆಗೆ ಬಾಯಿ ಮುಚ್ಚಿಹೋದರೆ ಗಾಬರಿ ಬೇಡ, ಒಳಗಿನವು ಮತ್ತೆ ತೆರೆದುಕೊಳ್ಳುತ್ತವೆ. ಎರೆಮಣ್ಣು ಬಿರುಕು ಬಿಡುವ ಕಡೆ ಇದು ಇಷ್ಟು ಚೆನ್ನಾಗಿ ಆಗುತ್ತದೆ ಅಂತ ಹೇಳಲಾರೆ, ನಮ್ಮದು ಕೆಂಪುಮಣ್ಣು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಚೆಟ್ ಕಣಿವೆಯಲ್ಲಿ ಕುದುರೆ ಮಸಾಲೆ ಅನ್ನುವ ಮೇವಿನ ಬೆಳೆಯ ಬೀಜ ಬೆಳೆಯುವವರು ಇದೇ ಬಳಗದ ಜೇನಿಗೆ ಉಪ್ಪು ನೆಲವನ್ನೇ ಹದ ಮಾಡಿ ಇಡುತ್ತಾರೆ. ಅಲ್ಲಿ ಜೇನಿಗೋಸ್ಕರ ವಾಹನಗಳ ವೇಗಕ್ಕೂ ಮಿತಿ ಇದೆ. ನಮಗೆ ಒಂದು ತುಂಡು ಬದು ಬಿಡಲು ಆಗಲ್ವಾ?

ಬದನೆ ಹೂವಿನಲ್ಲಿ ಮಕರಂದ ಇಲ್ಲ, ಹಾಗಾಗಿ ಪಕ್ಕದಲ್ಲಿ ತುಂಬೆ, ಕಾಮಕಸ್ತೂರಿ ಇರಲಿ. ನಾಲ್ಕು ಕೊತ್ತಂಬರಿ ಗಿಡ ಹೂವಿಗೆ ಬಿಡಿ. ಕಾಯಿಕೊರಕಕ್ಕೆ ಮೊದಲು ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿ, ಬಾಡಿದ ಕುಡಿ ಮುರಿದು ಸುಟ್ಟುಬಿಡಿ. ಸಿಂಪಡಿಸಲೇಬೇಕಾದರೆ ಸಂಜೆ ಐದರ ಮೇಲೆ. ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಮಾತ್ರ ಹೂವಿನ ಕಾಲದಲ್ಲಿ ಸಂಜೆಯೂ ಬೇಡ, ಅದು ಗಿಡದೊಳಗೆ ಸೇರಿ ಪರಾಗಕ್ಕೂ ಬರುತ್ತದೆ.

ರೋಟವೇಟರ್‌ನವರು ಬರುವ ಮೊದಲು ಆ ಜಾಗದ ನಾಲ್ಕು ಮೂಲೆಗೆ ಗೂಟ ಹೊಡೆದು ಹಗ್ಗ ಕಟ್ಟಿ. ಬಾಯಲ್ಲಿ ಹೇಳಿದರೆ ಕೇಳುವುದಿಲ್ಲ, ತಿರುಗಿಸುವಾಗ ಬದುವಿನ ಮೇಲೆ ಹತ್ತಿಸಿಯೇ ಹತ್ತಿಸುತ್ತಾರೆ.