ಹೊಲದ ಬೋರ್‌ವೆಲ್‌ನಿಂದ ಹೊಳೆಯ ಸಾಲ್ಮನ್ ಮೀನಿಗೆ ಏನು ತೊಂದರೆ?

"ಬೋರ್‌ವೆಲ್ ಇರುವುದು ಹೊಲದಲ್ಲಿ, ಅದೂ ಹೊಳೆಯಿಂದ ದೂರ. ಅದರ ನೀರು ಎತ್ತಿದರೆ ಸಾಲ್ಮನ್‌ಗೇನು ತೊಂದರೆ?" ಅಂತ ಕೇಳಿದ್ದೀರಿ. ತೊಂದರೆ ಇದೆ, ಜಾಸ್ತಿಯೇ ಇದೆ. ಕ್ಯಾಲಿಫೋರ್ನಿಯಾದ ಉತ್ತರದ ಅಂಚಿನಲ್ಲಿರುವ ಸ್ಕಾಟ್ ನದಿಯನ್ನೇ ನೋಡಿ. ಅದು ಕ್ಲಾಮತ್ ನದಿಯ ಉಪನದಿ.

ಅಲ್ಲಿ ಮಳೆ, ಹಿಮ ಎಲ್ಲ ಚಳಿಗಾಲದಲ್ಲೇ. ಬೆಟ್ಟದ ಹಿಮ ಕರಗಿ ಮುಗಿದ ಮೇಲೆ, ಅಲ್ಲಿನ ಬೇಸಿಗೆಯ ಕೊನೆಗೆ ಅಂದರೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹೊಳೆಯಲ್ಲಿ ಹರಿಯುವುದು ಬಹುಪಾಲು ನೆಲದಡಿಯಿಂದ ಒಸರಿದ ನೀರೇ. ಅದೇ ಹೊತ್ತಿಗೆ ಕಣಿವೆಯ ಅಲ್ಫಾಲ್ಫಾ ಮೇವಿಗೂ ನೀರು ಬೇಕು, ಪಂಪುಗಳು ಓಡುತ್ತವೆ. ಅಂತರ್ಜಲ ಹೊಳೆಯ ನೀರಿನ ಮಟ್ಟಕ್ಕಿಂತ ಕೆಳಗಿಳಿಯಿತು ಅಂದರೆ, ಹೊಳೆಗೆ ನೀರು ಕೊಡುತ್ತಿದ್ದ ನೆಲವೇ ಹೊಳೆಯನ್ನು ಹೀರಲು ಶುರು ಮಾಡುತ್ತದೆ.

ಸಾಲ್ಮನ್ ಅಂದರೆ ಹೊಳೆಯಲ್ಲಿ ಹುಟ್ಟಿ ಸಮುದ್ರಕ್ಕೆ ಹೋಗಿ, ಮೊಟ್ಟೆಯಿಡಲು ಮತ್ತೆ ಹೊಳೆಗೆ ಬರುವ ಮೀನು. ಅದರ ಒಂದು ಜಾತಿಯಾದ ಕೋಹೋಗೆ ಇದು ಪ್ರಾಣಸಂಕಟ. ಇದರ ಮರಿಗಳು ಹುಟ್ಟಿದ ಕೂಡಲೇ ಸಮುದ್ರಕ್ಕೆ ಹೋಗುವುದಿಲ್ಲ. ಸುಮಾರು ಒಂದು ವರ್ಷ ಹೊಳೆಯಲ್ಲೇ ಬೆಳೆಯುತ್ತವೆ, ಹಾಗಾಗಿ ಒಂದು ಬೇಸಿಗೆ ದಾಟಲೇಬೇಕು. ಬೇಸಿಗೆಯ ಕೊನೆಯಲ್ಲಿ ಇಂಥ ಹೊಳೆಯನ್ನು ನಾನು ನೋಡಿದ್ದೇನೆ. ಹರಿವು ತುಂಡಾಗಿ ಅಲ್ಲೊಂದು ಇಲ್ಲೊಂದು ಗುಂಡಿ ಉಳಿದಿತ್ತು. ಬೆರಳುದ್ದದ ಮರಿಗಳೆಲ್ಲ ಗುಂಡಿಯ ಒಂದೇ ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ಆ ಮೂಲೆಯಲ್ಲಿ ಮಾತ್ರ ಜಲ್ಲಿಕಲ್ಲಿನ ಸಂದಿಯಿಂದ ತಣ್ಣನೆಯ ನೀರು ಬರುತ್ತಿತ್ತು, ಕೈ ಇಟ್ಟರೆ ಗೊತ್ತಾಗುವಷ್ಟು. ಆ ಒಸರು ನಿಂತರೆ ನೀರು ಬಿಸಿಯಾಗುತ್ತದೆ, ಆಮ್ಲಜನಕ ಕಮ್ಮಿಯಾಗುತ್ತದೆ, ಮರಿಗಳು ಅಲ್ಲೇ ಸಾಯುತ್ತವೆ. ಇನ್ನು ಚಿನೂಕ್ ಸಾಲ್ಮನ್ ಮೊಟ್ಟೆಯಿಡಲು ಸಮುದ್ರದಿಂದ ವಾಪಸ್ ಬರುವ ಹೊತ್ತಿಗೆ ಮಳೆ ತಡವಾದರೆ, ಹೊಳೆ ಹತ್ತಲು ನೀರೇ ಸಾಲುವುದಿಲ್ಲ.

ದೂರದ ಬೋರ್ ಅಂದಿರಿ ಅಲ್ವಾ? ದೂರ ಇದ್ದರೆ ಪೆಟ್ಟು ತಡವಾಗಿ ಬೀಳುತ್ತದೆ, ಅಷ್ಟೇ. ಜುಲೈನಲ್ಲಿ ಎತ್ತಿದ ನೀರಿನ ಕೊರತೆ ಹೊಳೆಗೆ ತಟ್ಟುವುದು ಅಕ್ಟೋಬರ್‌ನಲ್ಲಿ ಇರಬಹುದು, ಇನ್ನೂ ಆಚೆಗೂ ಇರಬಹುದು. ಹೊಳೆ ಒಣಗಿದ ದಿನ ಪಂಪ್ ನಿಲ್ಲಿಸಿದರೆ ಆ ವರ್ಷದ ಮರಿಗಳಿಗೆ ಹೆಚ್ಚು ಉಪಯೋಗವಿಲ್ಲ.

ಈ ನಂಟನ್ನು ಕಾನೂನೂ ಒಪ್ಪಿದೆ. ಇದೇ ಸ್ಕಾಟ್ ನದಿಯ ಪ್ರಕರಣದಲ್ಲಿ 2018ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ, ಬೋರ್‌ಗೆ ಪರ್ಮಿಟ್ ಕೊಡುವಾಗ ನದಿಗೆ ಆಗುವ ಹಾನಿಯನ್ನೂ ಕೌಂಟಿ (ಅಲ್ಲಿನ ಜಿಲ್ಲಾಡಳಿತ) ನೋಡಬೇಕು ಎಂದು ಹೇಳಿತು. 2021ರ ಬರದಲ್ಲಿ ರಾಜ್ಯದ ಜಲ ಮಂಡಳಿ ನದಿಯಲ್ಲಿ ಇಷ್ಟು ಹರಿವು ಇರಲೇಬೇಕು ಎಂದು ತುರ್ತು ನಿಯಮ ತಂದಿತು. ಚಳಿಗಾಲದ ಹೆಚ್ಚುವರಿ ನೀರನ್ನು ಹೊಲಗಳಿಗೆ ಬಿಟ್ಟು ಇಂಗಿಸುವ ಪ್ರಯತ್ನವೂ ಅಲ್ಲಿ ನಡೆದಿದೆ. ನನಗೆ ಜಾಸ್ತಿ ಭರವಸೆ ಇರುವುದು ಇದರ ಮೇಲೆಯೇ. ಆದರೆ ಬರೀ ಇಂಗಿಸಿದರೆ ಸಾಲದು. ಪ್ರತಿ ವರ್ಷ ಬೇಸಿಗೆಯಲ್ಲಿ ಎಷ್ಟು ಎಕರೆಗೆ ನೀರು ಹಾಯಿಸಬಹುದು ಅಂತ ಏಪ್ರಿಲ್‌ನಲ್ಲೇ, ಹಿಮ ಎಷ್ಟು ಬಿದ್ದಿದೆ ನೋಡಿಕೊಂಡು, ರೈತರ ಜೊತೆ ಕೂತು ತೀರ್ಮಾನಿಸಬೇಕು. ಬೆಳೆ ಬಿಟ್ಟವರಿಗೆ ಪರಿಹಾರವನ್ನೂ ಕೊಡಬೇಕು.