ಪಂಕ್ಚರ್‌ಗೆ ನಾಲ್ಕಾಣೆ

ಪ್ರಶ್ನೆ: ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಸ್ಮರಣ ಸಂಚಿಕೆಯನ್ನು ಹುಡುಗರು ನನ್ನ ತಲೆಗೆ ಕಟ್ಟಿದ್ದಾರೆ. ಕೈಯಲ್ಲಿರುವುದು ಒಂದು ತಗಡಿನ ಟ್ರಂಕು, ಮೂರು ಕಪ್, ಉಳಿದದ್ದು ಹಿರಿಯರ ಬಾಯಿಮಾತು. ಸ್ವಾತಂತ್ರ್ಯ ಬಂದ ದಿನವೇ ಕ್ಲಬ್ ಶುರುವಾಯಿತು ಎಂದು ಒಬ್ಬರು ಹೇಳುತ್ತಾರೆ. 1946ರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದ ಮೈಸೂರು ತಂಡದಲ್ಲಿ ನಮ್ಮೂರಿನವನಿದ್ದ ಎಂದು ಇನ್ನೊಬ್ಬರು. 1958ರಲ್ಲಿ ಮಡಗಾಂವಿಗೆ ಹೋಗಿ ಗೆದ್ದು ಬಂದೆವು ಎಂದು ಮತ್ತೊಬ್ಬರು. ಎಲ್ಲ ಹಾಗೇ ಅಚ್ಚು ಹಾಕಬಹುದೇ?
– ಓದುಗರೊಬ್ಬರು, ಮಾಜಾಳಿ

ಉತ್ತರ: ತಡೀರಿ, ಮೊದಲು ಟ್ರಂಕು ತೆಗೆಯಿರಿ.

ನಾನು ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವ. ಸದಾಶಿವಗಡದ ಕಡೆಯ ಒಂದು ಕ್ಲಬ್ಬಿಗೆ ಹನ್ನೊಂದು ವರ್ಷ ಗೋಲ್‌ಕೀಪರ್ ಆಗಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಸೆಕ್ರೆಟರಿ ಮಾಡಿದರು. ಸೆಕ್ರೆಟರಿ ಎಂದರೆ ಮನೆಮನೆಗೆ ಹೋಗಿ ಚಂದಾ ಕೇಳಿ ಬೈಸಿಕೊಳ್ಳುವವ, ಅಷ್ಟೇ. ನಿಮ್ಮ ಫಜೀತಿ ನನಗೂ ಆಗಿದೆ.

ನಾವೂ ಬೋರ್ಡಿನ ಮೇಲೆ 'ಸ್ಥಾಪನೆ 1947' ಎಂದು ಬರೆಸಿದ್ದೆವು. ಆಮೇಲೆ ಹಳೇ ಲೆಕ್ಕದ ಪುಸ್ತಕ ಸಿಕ್ಕಿತು. ಗೆದ್ದಲು ಅರ್ಧ ತಿಂದಿತ್ತು. ಮೊದಲ ಪುಟದ ಮೊದಲ ಸಾಲು: 'ಬ್ಲಾಡರ್ ಪಂಕ್ಚರ್, 4 ಆಣೆ'. ಕೆಳಗೆ 'ಲಿಂಬೆಹಣ್ಣು, 2 ಆಣೆ'. ಇಸವಿ ಎಲ್ಲೂ ಇಲ್ಲ. ಆದರೆ ಆಣೆ ಇದೆಯಲ್ಲ! ನಮ್ಮ ದೇಶದಲ್ಲಿ ಆಣೆ ಹೋಗಿ ನೂರು ಪೈಸೆಯ ರೂಪಾಯಿ ಬಂದದ್ದು 1957ರ ಏಪ್ರಿಲ್ 1ಕ್ಕೆ. ಒಂಬತ್ತನೇ ಪುಟದಿಂದ ಲೆಕ್ಕವೆಲ್ಲ 'ನ.ಪೈ.' ಆಗಿಬಿಟ್ಟಿತ್ತು, ಅಂದರೆ ನಯಾ ಪೈಸೆ. ಆ 'ನಯಾ' ಬಿದ್ದುಹೋದದ್ದು 1964ರ ಜೂನ್‌ನಲ್ಲಿ. ಹಾಗಾಗಿ ಪುಸ್ತಕ ಶುರುವಾದದ್ದು 1957ಕ್ಕಿಂತ ಸ್ವಲ್ಪ ಮೊದಲು. ಪಂಕ್ಚರ್ ಆಗಬೇಕಾದರೆ ಅದಕ್ಕೂ ಮೊದಲು ಒಂದಷ್ಟು ಆಡಿರಬೇಕು, ಅಲ್ವಾ? ಆಗಿನ ಚೆಂಡು ಚರ್ಮದ್ದು. ಒಳಗೆ ರಬ್ಬರ್ ಬ್ಲಾಡರ್, ಬಾಯಿಗೆ ಶೂ ಲೇಸಿನಂಥ ದಾರ. ನಿಯಮದ ಪ್ರಕಾರ ಚೆಂಡಿನ ತೂಕ 410ರಿಂದ 450 ಗ್ರಾಂ. ಆದರೆ ಅದು ಒಣಗಿದ ಚೆಂಡಿನ ಮಾತು. ನಮ್ಮ ಮಳೆಯಲ್ಲಿ ನೀರು ಕುಡಿದ ಚೆಂಡಿಗೆ ತಲೆ ಕೊಟ್ಟವನಿಗೆ ಹಣೆ ಮೇಲೆ ಲೇಸಿನ ಅಚ್ಚು ಬೀಳುತ್ತಿತ್ತು.

'ಸುಮಾರು 1955' ಎಂದು ಬೋರ್ಡ್ ತಿದ್ದಿಸೋಣ ಎಂದೆ. ಸಭೆಯಲ್ಲಿ ಜಗಳವೇ ಆಯಿತು. ಬೋರ್ಡಿನ ಮೇಲೆ ಇವತ್ತಿಗೂ 1947 ಇದೆ. ಸಂಚಿಕೆಯಲ್ಲಿ ಮಾತ್ರ ನಾಲ್ಕಾಣೆಯ ಪುಟದ ಫೋಟೋ ಹಾಕಿಸಿದೆ.

ಈಗ ನಿಮ್ಮ ಹಿರಿಯರ ಮಾತಿಗೆ ಬರೋಣ. 1946ರಲ್ಲಿ ಮೈಸೂರು ಗೆದ್ದದ್ದು ನಿಜ. ಆದರೆ ಆಗ ಕಾರವಾರ ಮುಂಬಯಿ ಪ್ರಾಂತ್ಯದಲ್ಲಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಆತ ಆಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದರೆ ಮಾತು ಬೇರೆ, ಅದನ್ನು ವಿಚಾರಿಸಿ. ನನ್ನ ಗುಮಾನಿ ಇನ್ನೊಂದಿದೆ. ಮೈಸೂರು 1967ರಲ್ಲೂ 1968ರಲ್ಲೂ ಇದೇ ಟ್ರೋಫಿ ಗೆದ್ದಿತ್ತು. ಹೇಳುವವರ ನೆನಪು ಇಪ್ಪತ್ತು ವರ್ಷ ಹಿಂದಕ್ಕೆ ಜಾರಿರಬಹುದು. (ಅದಾದ ಮೇಲೆ ನಮ್ಮ ರಾಜ್ಯಕ್ಕೆ ಅದು ಮತ್ತೆ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3–2ರಿಂದ. ಅಷ್ಟು ವರ್ಷ ಕಾದವರು ನಾವು.) ಆತನ ಮನೆಯಲ್ಲಿ ಸರ್ಟಿಫಿಕೇಟೋ ಗುಂಪಿನ ಫೋಟೋವೋ ಇದ್ದರೆ ಹಾಕಿ. ಇಲ್ಲದಿದ್ದರೆ 'ಎಂದು ಹೇಳುತ್ತಾರೆ' ಎಂದು ಬರೆಯಿರಿ.

ಮಡಗಾಂವಿನ ಕಥೆಗೆ ಒಂದೇ ಪ್ರಶ್ನೆ ಸಾಕು. ಗೋವಾ ಗಡಿಯ ಪೋಳೆಂನಲ್ಲಿ ನಿಮ್ಮನ್ನು ಯಾರು ತಡೆದರು ಅಂತ ಕೇಳಿ. 1958ರಲ್ಲಿ ನಿಮ್ಮೂರು ದಾಟಿದರೆ ಪೋರ್ಚುಗೀಸರ ಗಡಿ. ಚೆಂಡು ಹಿಡಿದು ಸುಮ್ನೆ ನಡೆದು ಹೋಗುವ ಹಾಗಿರಲಿಲ್ಲ. ಯಾರೂ ತಡೆಯಲಿಲ್ಲ ಎಂದರೆ ಆ ಮ್ಯಾಚು ಗೋವಾ ಬಿಡುಗಡೆಯಾದ 1961ರ ಡಿಸೆಂಬರ್ 19ರ ನಂತರದ್ದು. ಗೆದ್ದದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ.

ಕಪ್‌ಗಳನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಅಳಿಸುತ್ತದೆ. 'ಮೈಸೂರು ರಾಜ್ಯ' ಎಂದು ಕೆತ್ತಿದ್ದರೆ ಅದು 1956ರಿಂದ 1973ರ ಒಳಗಿನದು. ಆಮೇಲೆ ನಾವು ಕರ್ನಾಟಕದವರಾದೆವು. ಪತ್ರದ ತಲೆಯಲ್ಲಿ 581ರಿಂದ ಶುರುವಾಗುವ ಆರು ಅಂಕಿಯ ಪಿನ್ ಇದ್ದರೆ ಆ ಕಾಗದ 1972ರ ಆಗಸ್ಟ್ 15ರ ಈಚಿನದು. ಮ್ಯಾಚಿಗೆ ಕರೆದು ಬರೆದ ಕಾರ್ಡುಗಳಿದ್ದರೆ ಅಂಚೆ ಮುದ್ರೆ ನೋಡಿ. ಅದನ್ನು ನಂಬಬಹುದು. ಒಂದು ದಿನ ಆಚೀಚೆ ಇರಬಹುದು, ಯಾಕೆಂದರೆ ಬೆಳಗ್ಗೆ ಮುದ್ರೆಯ ತಾರೀಖು ಬದಲಿಸಲು ಮರೆಯುತ್ತಿದ್ದ ಗುಮಾಸ್ತರಲ್ಲಿ ನಾನೂ ಒಬ್ಬ. ಕ್ಲಬ್ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ದಾಖಲಾಗಿದ್ದರೆ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಗೂ ಒಂದು ಅರ್ಜಿ ಕೊಡಿ. ವರ್ಷವರ್ಷ ಪದಾಧಿಕಾರಿಗಳ ಪಟ್ಟಿ ಕೊಡಬೇಕೆಂಬ ನಿಯಮವಿದೆ. ಕೊಟ್ಟವರು ಕಮ್ಮಿ. ಆದರೂ ಕೇಳಿ.

ಪ್ರಶ್ನೆ: ನಮ್ಮ ಅಜ್ಜ ಬರಿಗಾಲಲ್ಲಿ ಆಡುತ್ತಿದ್ದರಂತೆ. 1962ರಲ್ಲಿ ಅವರಿಗೆ ರೆಡ್ ಕಾರ್ಡ್ ಕೊಟ್ಟಿದ್ದರಂತೆ. ನಂಬಬಹುದೇ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಬರಿಗಾಲು ನಂಬಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ತಂಡದ ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಆಡಿದರು. ಎರಡು ಪೆನಾಲ್ಟಿ ಕಳೆದುಕೊಂಡು 1–2ರಿಂದ ಸೋತರು. ನಮ್ಮ ಕಡೆ ಕೊಯ್ಲಾದ ಗದ್ದೆಯೇ ಮೈದಾನ. ಕೂಳೆ ಚುಚ್ಚಿ ಚುಚ್ಚಿ ಅಂಗಾಲು ಚರ್ಮದ ಬೂಟಿಗಿಂತ ಗಟ್ಟಿಯಾಗಿರುತ್ತಿತ್ತು.

ರೆಡ್ ಕಾರ್ಡ್ ನಂಬಬೇಡಿ. ಹಳದಿ, ಕೆಂಪು ಕಾರ್ಡುಗಳು ಮೊದಲು ಬಂದದ್ದು 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ. ಅಜ್ಜನನ್ನು ರೆಫ್ರಿ ಹೊರಗೆ ಕಳಿಸಿದ್ದು ನಿಜವೇ ಇರಬೇಕು, ಆದರೆ ಬೆರಳು ತೋರಿಸಿ. ಏನು ಮಾಡಿದ್ದಕ್ಕೆ ಅಂತ ಅಜ್ಜಿಗೆ ಕೇಳಿ ನೋಡಿ.

ಪ್ರಶ್ನೆ: ಸೋಲು, ಹೊಡೆದಾಟ ಎಲ್ಲ ಕ್ಲಬ್ಬಿನ ಇತಿಹಾಸದಲ್ಲಿ ಬರೆಯಬೇಕಾ?
– ಓದುಗರೊಬ್ಬರು, ಕೋಡಿಬಾಗ

ಉತ್ತರ: ಬರೀ ಗೆಲುವಿದ್ದರೆ ಅದು ಇತಿಹಾಸ ಅಲ್ಲ, ಮದುವೆ ಕಾಗದ.

ನನ್ನದೇ ಹೇಳುತ್ತೇನೆ. ಕಾಳಿ ನದಿಗೆ ಸೇತುವೆ ಆಗುವ ಮೊದಲಿನ ಮಾತು. 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಕುಸಿದುಬಿತ್ತಲ್ಲ, ಆ ಸೇತುವೆ. ಆಗ ನಾವು ಕಾರವಾರಕ್ಕೆ ಮ್ಯಾಚಿಗೆ ಬರುತ್ತಿದ್ದದ್ದು ಲಾಂಚಿನಲ್ಲಿ. ನಿಮ್ಮ ಕೋಡಿಬಾಗದಲ್ಲೇ ಇಳಿಯುತ್ತಿದ್ದೆವು. ಒಂದು ಫೈನಲ್ಲಿನಲ್ಲಿ 1–1 ಆಗಿ ಆಟ ಲಂಬಿಸಿತು. ಕೊನೆಯ ಲಾಂಚು ಹೊರಡುವ ಹೊತ್ತು. ನನ್ನ ಕಣ್ಣು ಚೆಂಡಿನ ಮೇಲಿರಲಿಲ್ಲ, ಪ್ರೇಕ್ಷಕರೊಬ್ಬರ ಕೈಗಡಿಯಾರದ ಮೇಲಿತ್ತು. ಮೆಲ್ಲಗೆ ಉರುಳಿಕೊಂಡು ಬಂದ ಚೆಂಡು ಕಾಲಿನ ನಡುವೆ ಹೋಯಿತು. ಸೋತೆವು. ಓಡಿಹೋಗಿ ನೋಡಿದರೆ ಲಾಂಚೂ ಹೋಗಿತ್ತು. ಹನ್ನೊಂದು ಜನ ರಾತ್ರಿಯಿಡೀ ದಡದಲ್ಲಿ ಮಲಗಿದೆವು. ಯಾರೂ ನನ್ನ ಜೊತೆ ಮಾತಾಡಲಿಲ್ಲ. ಬೆಳಗಿನ ಜಾವ ಮೀನಿನ ದೋಣಿಯವರೊಬ್ಬರು ದಾಟಿಸಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮ ಸಂಚಿಕೆಯಲ್ಲಿ ಜನ ಜಾಸ್ತಿ ಓದಿದ್ದು ಆ ಪುಟವನ್ನೇ.

ಹೊಡೆದಾಟವನ್ನೂ ಬರೆಯಿರಿ, ಹೆಸರು ಮಾತ್ರ ಬೇಡ. ನಮ್ಮಲ್ಲಿ ರೆಫ್ರಿಯ ಸೀಟಿ ಕಿತ್ತು ಕೆರೆಗೆ ಎಸೆದವನ ಮೊಮ್ಮಗ ಈಗ ರೆಫ್ರಿ.

ಪ್ರಶ್ನೆ: ಹಳೇ ಟೀಮ್ ಫೋಟೋದಲ್ಲಿ ಇರುವವರ ಹೆಸರು ಗೊತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಮೊಬೈಲಿನಲ್ಲಿ ಫೋಟೋ ಹಿಡಿದು ಒಂದೊಂದು ಮುಖ ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿ. ಮಳೆಗಾಲದಲ್ಲಿ ಹೋಗಿ. ದೋಣಿ ದಡದಲ್ಲಿರುತ್ತವೆ, ಹಿರಿಯರು ಜಗಲಿಯಲ್ಲೇ ಸಿಗುತ್ತಾರೆ. ಗಂಡಸರಿಗಿಂತ ಮೊದಲು ಮನೆಯ ಹೆಂಗಸರಿಗೆ ತೋರಿಸಿ. ಆಟಗಾರರಿಗೆ ಗೋಲು ನೆನಪಿರುತ್ತದೆ, ಯಾರ ಜರ್ಸಿಯನ್ನು ಯಾರು ಒಗೆದರು ಎಂಬುದು ಹೆಂಗಸರಿಗೆ ನೆನಪಿರುತ್ತದೆ. ಹೆಸರು ಸಿಕ್ಕ ಕೂಡಲೇ ಪೆನ್ಸಿಲ್‌ನಲ್ಲಿ, ಮೆಲ್ಲಗೆ, ಹಿಂದುಗಡೆ ಬರೆದಿಡಿ. ಬಾಲ್‌ಪೆನ್ ಬೇಡ, ಮುಖದ ಮೇಲೆ ಗೆರೆ ಮೂಡುತ್ತದೆ.